ಚೆಂಡು ಮುಟ್ಟದವನ ಮೊಣಕಾಲು

ನಾನು ಬಿ.ಎ. ಮಾಡುವುದು ಆಗದ ಮಾತು ಎಂದು ಮೊದಲು ಹೇಳಿದವರು ಗೋಪಾಲ ಭಾವ, ನಮ್ಮ ಜಲಜಕ್ಕನ ಗಂಡ. ಹೇಳಿದ್ದು ಕುವೈತಿನಲ್ಲಿ, ಶರ್ಕ್‌ನ ಅವರ ಆಫೀಸಿನ ಕೆಳಗೆ, ಚಹಾದ ಗ್ಲಾಸು ಹಿಡಿದುಕೊಂಡು. "ಪುಸ್ತಕ ತರಿಸುವುದು ಬೇರೆ, ಪಾಸಾಗುವುದು ಬೇರೆ ವಿಠಲ. ನಿನ್ನಿಂದ ಆಗ್ಲಿಕ್ಕಿಲ್ಲ. ನನ್ನಿಂದಲೇ ಆಗ್ಲಿಲ್ಲ." ಭಾವ ಬಿ.ಕಾಂ. ಕೊನೆಯ ವರ್ಷಕ್ಕೆ ಎರಡು ಸಲ ಕೂತು ಬಿಟ್ಟವರು. ಇಂಗ್ಲಿಷ್ ಚೆನ್ನಾಗಿತ್ತು, ಅಕೌಂಟೆನ್ಸಿ ಕೈಕೊಟ್ಟಿತ್ತು. ನಮ್ಮ ಮನೆಯ ಕಡೆ ಓದಿನಲ್ಲಿ ಅಷ್ಟು ದೂರ ಹೋದವರೂ ಬೇರೆ ಇರಲಿಲ್ಲ. ಹಾಗಾಗಿ ಅವರ ಮಾತಿಗೆ ತೂಕವಿತ್ತು.

ಎರಡನೆಯದಾಗಿ ಹೇಳಿದವರು ನಾನು ಕೆಲಸಕ್ಕಿದ್ದ ಕ್ಲಬ್ಬಿನ ಮ್ಯಾನೇಜರ್ ಫತ್ಹಿ, ಈಜಿಪ್ಟಿನವರು. ಎಣ್ಣೆ ಹಚ್ಚುವವನಿಗೆ ಡಿಗ್ರಿ ಯಾಕೆ ಎಂದು ಕೇಳಿ, ಉತ್ತರಕ್ಕೂ ಕಾಯದೆ ಎದ್ದು ಹೋದರು.

ಈಗ ನನಗೆ ನಿವೃತ್ತಿಯಾಗಿ ಕೆಲವು ವರ್ಷ ಕಳೆದಿದೆ. ಎರಡು ಹೆಬ್ಬೆರಳಿನ ಬುಡವೂ ಸವೆದಿದೆ. ಪೆನ್ನು ಹಿಡಿದರೆ ಅರ್ಧ ಗಂಟೆಗೆ ನೋವು ಶುರು. ನಿಲ್ಲಿಸಿ ನಿಲ್ಲಿಸಿ ಬರೆಯುತ್ತಿದ್ದೇನೆ. ಡಿಗ್ರಿ ಮುಗಿಸಿ ಟೀಮುಗಳ ಜೊತೆ ಹೊರಡುವ ಹುಡುಗ ಹುಡುಗಿಯರು ಆಗಾಗ ಫೋನು ಮಾಡಿ, ಸರ್, ಈ ಕೆಲಸ ಹೇಗೆ ಎಂದು ಕೇಳುತ್ತಾರೆ. ಫೋನಿನಲ್ಲಿ ಹೇಳಿ ಮುಗಿಯುವುದಲ್ಲ. ಸುಸ್ತಾಗುವ ಕೆಲಸ, ಯಾರ ಕಣ್ಣಿಗೂ ಬೀಳದ ಕೆಲಸ ಎಂದಷ್ಟೇ ಹೇಳಿ ಇಟ್ಟುಬಿಡುತ್ತೇನೆ. ಉಳಿದದ್ದು ಇಲ್ಲಿದೆ.

ನನ್ನ ತಂದೆ ಮಂಗಳೂರು ಬಂದರಿನಲ್ಲಿ ಮೂಟೆ ಹೊರುತ್ತಿದ್ದರು. ಅವರ ಸಂಗಡಿಗರಲ್ಲಿ ಯಾರಿಗಾದರೂ ಉಳುಕಿದರೆ ತಿಕ್ಕುತ್ತಿದ್ದವರು ನನ್ನ ಅಜ್ಜಿ. ಬಿಸಿ ಎಣ್ಣೆ, ಬಿಸಿ ಉಪ್ಪಿನ ಗಂಟು, ಮತ್ತೆ ಅಜ್ಜಿಯ ಹೆಬ್ಬೆರಳು. ನಾನು ಕಲಿತದ್ದು ಅದನ್ನೇ. ಊರಿನ ಕಬಡ್ಡಿ ತಂಡದ ಹುಡುಗರ ಕೈಕಾಲು ತಿಕ್ಕಿ ಹೆಸರು ಮಾಡಿದ್ದೆ. ಆ ಹೆಸರನ್ನು ನಂಬಿ ಭಾವ ವೀಸಾ ಮಾಡಿಸಿದರು. ಕುವೈತಿನ ಆ ಫುಟ್ಬಾಲ್ ಕ್ಲಬ್ಬಿನಲ್ಲಿ ನನ್ನ ಇಕಾಮಾದ, ಅಂದರೆ ವಾಸದ ಪರವಾನಗಿಯ, ಮೇಲೆ ಬರೆದಿದ್ದದ್ದು ಕೆಲಸದಾಳು ಎಂದು. ಟ್ರೇನರ್ ಎಂದು ಬರೆಸಬೇಕಾದರೆ ಯಾವುದಾದರೂ ಒಂದು ಡಿಗ್ರಿ ಬೇಕಿತ್ತು. ನಾನು ಅಂಚೆಯ ಮೂಲಕ ಬಿ.ಎ. ಶುರು ಮಾಡಿದ್ದು ಅದಕ್ಕೇ. ದೊಡ್ಡ ಜ್ಞಾನದಾಹ ಏನಿರಲಿಲ್ಲ.

ಮೊದಲು ನನ್ನ ತಪ್ಪೊಂದನ್ನು ಹೇಳಿಬಿಡುತ್ತೇನೆ, ನಿಮಗೆ ಉಪಯೋಗಕ್ಕೆ ಬರಬಹುದು. ನಮ್ಮ ಮುಂಚೂಣಿಯ ಆಟಗಾರನೊಬ್ಬನಿಗೆ ತೊಡೆಗೆ ಪೆಟ್ಟು ಬಿತ್ತು. ಒಳಗೆ ರಕ್ತ ಕಟ್ಟಿದೆ ಎಂಬುದು ನನಗೆ ತಿಳಿಯಲಿಲ್ಲ. ಅಜ್ಜಿಯ ಹಾಗೆ ಬಿಸಿ ಎಣ್ಣೆ ಹಾಕಿ ಚೆನ್ನಾಗಿ ತಿಕ್ಕಿದೆ. ಮರುದಿನ ತೊಡೆ ಹಲಸಿನ ಹಣ್ಣಿನಷ್ಟು ಊದಿತು. ಐದು ವಾರ ಅವನು ಆಡಲಿಲ್ಲ. ಫತ್ಹಿ ನನ್ನನ್ನು ಎಲ್ಲರ ಮುಂದೆ ನಿಲ್ಲಿಸಿ ಬೈದರು. ಟಿಕೆಟ್ ಮಾಡಿಸಿ ಊರಿಗೆ ಕಳಿಸುತ್ತೇನೆ, ಖಲಾಸ್ ಎಂದರು. ಆಗ ಹಿಂದಿನಿಂದ ಒಂದು ದಪ್ಪ ದನಿ ಬಂತು. "ಅವನಿಗೆ ಐಸ್ ಕೊಡಿಸಿದ್ದೀರಾ ಇಲ್ಲಿ ಯಾವತ್ತಾದರೂ?"

ಲಾಯ್ಡ್‌ನ ಪರಿಚಯ ನನಗಾದದ್ದು ಹಾಗೆ. ಆಟಗಾರರ ಮೈ ಗಟ್ಟಿ ಮಾಡಿಸಲು ಕ್ಲಬ್ಬಿನವರು ಆ ವರ್ಷ ಕರೆಸಿದ್ದ ಅಮೆರಿಕದವನು. ಆರೂಕಾಲು ಅಡಿ ಎತ್ತರ, ನೂರ ಮೂವತ್ತು ಕಿಲೋ. ಹುಡುಗರು ಅವನನ್ನು ಜಬಲ್, ಅಂದರೆ ಬೆಟ್ಟ, ಎಂದು ಕರೆಯುತ್ತಿದ್ದರು. ಮರುದಿನ ಬೆಳಿಗ್ಗೆ ನನ್ನನ್ನು ಮೀನು ಮಾರುಕಟ್ಟೆಗೆ ಕರೆದುಕೊಂಡು ಹೋಗಿ ಎರಡು ಪೆಟ್ಟಿಗೆ ಐಸ್ ತುಂಬಿಸಿದ. ಪೆಟ್ಟು ಬಿದ್ದ ಮೊದಲ ಎರಡು ದಿನ ಬಿಸಿ ಇಲ್ಲ, ತಿಕ್ಕುವುದಿಲ್ಲ ಎಂದ. ಮೀನಿನ ವಾಸನೆಯ ಐಸ್ ಎಂದು ಹುಡುಗರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಊತ ಮಾತ್ರ ಇಳಿಯುತ್ತಿತ್ತು. ಅಜ್ಜಿಯ ವಿದ್ಯೆಯಲ್ಲಿ ಅರ್ಧ ಅಲ್ಲಿಗೇ ಮುಗಿಯಿತು. ಉಳಿದರ್ಧ, ಅಂದರೆ ಹೆಬ್ಬೆರಳು, ಕೊನೆಯವರೆಗೂ ನಡೆಯಿತು.

ಲಾಯ್ಡ್ ಅಮೆರಿಕದಲ್ಲಿ ಸಂಬಳಕ್ಕೆ ಫುಟ್ಬಾಲ್ ಆಡಿದವನು, ಒಂಬತ್ತು ವರ್ಷ. ನಮ್ಮ ಫುಟ್ಬಾಲ್ ಅಲ್ಲ. ಅವರದು ಎರಡು ತುದಿ ಚೂಪಾದ ಚೆಂಡು, ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಅದರ ವಿಷಯ ನಾನು ಕಲಿತದ್ದು ಅವನ ಮೊಣಕಾಲು ನೋಡಿಕೊಳ್ಳುತ್ತಾ. ಬಲಗಾಲಿಗೆ ಮೂರು ಆಪರೇಷನ್, ಎಡಗಾಲಿಗೆ ಒಂದು. ಮುಷ್ಟಿ ಮುಚ್ಚಲು ಬರುತ್ತಿರಲಿಲ್ಲ. ಹತ್ತು ಬೆರಳಲ್ಲಿ ಏಳು ಒಮ್ಮೆಯಾದರೂ ಮುರಿದದ್ದು. ಸಂಜೆ ಹುಡುಗರೆಲ್ಲ ಹೋದ ಮೇಲೆ ಮೇಜಿನ ಮೇಲೆ ಮಲಗುತ್ತಿದ್ದ, ನಾನು ತಿಕ್ಕುತ್ತಿದ್ದೆ, ಇಬ್ಬರೂ ಹರಕು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದೆವು. ನನ್ನದು ಹರಕು, ನನಗೆ ಅರ್ಥವಾಗಲಿ ಎಂದು ಅವನೂ ಹರಿದುಕೊಳ್ಳುತ್ತಿದ್ದ.

ಅವನ ಕೆಲಸ ಹೀಗೆ. ತಂಡದ ಹನ್ನೊಂದು ಜನರಲ್ಲಿ ಐದು ದಪ್ಪನೆಯವರು ಎದುರಿಗೆ ಸಾಲಾಗಿ ಕೂರುತ್ತಾರೆ. ಹಿಂದೆ ಚೆಂಡು ಎಸೆಯುವವನಿರುತ್ತಾನೆ. ಎಸೆಯಲು ಅವನಿಗೆ ಮೂರು ಸೆಕೆಂಡು ಬೇಕು. ಆ ಮೂರು ಸೆಕೆಂಡು ಅವನ ಮೇಲೆ ಯಾರೂ ಬೀಳದ ಹಾಗೆ ಈ ಐದು ಜನ ಮೈಯೊಡ್ಡಿ ತಡೆಯಬೇಕು. ಎದುರಾಳಿಯನ್ನು ಹಿಡಿದು ನಿಲ್ಲಿಸಿದರೆ ದಂಡ. ಎರಡು ಕಾಲು ಮಡಚಿ, ಒಂದು ಕೈ ನೆಲಕ್ಕೆ ಊರಿ ಕೂತ ಮೇಲೆ ಚೆಂಡು ಹೊರಡುವವರೆಗೆ ಚೂರು ಅಲುಗಿದರೂ ದಂಡ, ಇಡೀ ತಂಡ ಐದು ಗಜ ಹಿಂದಕ್ಕೆ. ನಡುವಿನವನನ್ನು ಬಿಟ್ಟರೆ ಚೆಂಡು ಅವರ ಕೈಗೆ ಬರುವುದೇ ಇಲ್ಲ. ಒಂಬತ್ತು ವರ್ಷದಲ್ಲಿ ಲಾಯ್ಡ್ ಆಟದ ಚೆಂಡು ಮುಟ್ಟಿದ್ದು ಎರಡು ಸಲ, ಎರಡೂ ಸಲ ಅದು ತಾನಾಗಿ ಬಂದು ಅವನ ಹೊಟ್ಟೆಯ ಕೆಳಗೆ ಸಿಕ್ಕಿಕೊಂಡದ್ದು. ಅವನ ತಾಯಿ ಪ್ರತಿ ಆಟವನ್ನೂ ಟಿ.ವಿ.ಯಲ್ಲಿ ನೋಡಿ ಕೊನೆಗೆ ಫೋನು ಮಾಡಿ ಕೇಳುತ್ತಿದ್ದರಂತೆ, ಲಾಯ್ಡ್, ನೀನು ಎಲ್ಲಿದ್ದೆ ಎಂದು. ಜನ ರಾಶಿ ಬಿದ್ದಿರುತ್ತಾರಲ್ಲ, ಅದರ ತಳದಲ್ಲಿ ನೋಡು ಎಂದು ಇವನು ಹೇಳುತ್ತಿದ್ದ. ಅವನ ಹೆಸರನ್ನು ಮೈಕಿನಲ್ಲಿ ಕೂಗುತ್ತಿದ್ದದ್ದು ಅವನು ತಪ್ಪು ಮಾಡಿದಾಗ ಮಾತ್ರ.

ತಿನ್ನುವುದೂ ಒಂದು ಡ್ಯೂಟಿ ಎಂದು ಹೇಳುತ್ತಿದ್ದ. ತೂಕ ಇಳಿದರೆ ಕೆಲಸ ಹೋಗುತ್ತದೆ ಎಂದು ಹಸಿವಿಲ್ಲದೆ ತಿಂದದ್ದು. ಪ್ರತಿ ಸೋಮವಾರ ಕತ್ತಲೆ ಕೋಣೆಯಲ್ಲಿ ಹಿಂದಿನ ದಿನದ ಆಟದ ಫಿಲ್ಮ್ ಹಾಕಿ, ಇವನ ಕಾಲು ಜಾರಿದ ಒಂದು ಹೆಜ್ಜೆಯನ್ನು ಕೋಚ್ ಹತ್ತು ಸಲ ಹಿಂದೆ ಮುಂದೆ ಓಡಿಸಿ ಬೈಯುತ್ತಿದ್ದದ್ದು. ನೋವಿನ ಇಂಜೆಕ್ಷನ್ ತೆಗೆದುಕೊಂಡು ಆಡಿದ್ದು. ಮೂವತ್ತೊಂದನೆಯ ವಯಸ್ಸಿಗೆ ಒಂದು ಬೆಳಿಗ್ಗೆ ಆಫೀಸಿಗೆ ಕರೆದು, ಬೇಡ ಎಂದರಂತೆ. ಆಗಲೇ ಅವನಿಗೆ ನೆನಪಾದದ್ದು, ಕಾಲೇಜು ಬಿಟ್ಟು ಆಟಕ್ಕೆ ಬರುವಾಗ ತನ್ನ ಡಿಗ್ರಿಗೆ ಮೂರೇ ಮೂರು ಪೇಪರ್ ಬಾಕಿ ಇದ್ದವು ಎಂದು.

"ಮೊಣಕಾಲಿಗೆ ನಿನ್ನ ಹತ್ತಿರ ಮದ್ದುಂಟು ವಿಟ್," ಎಂದ. ವಿಠಲ ಎನ್ನಲು ಅವನ ನಾಲಿಗೆ ಹೊರಳುತ್ತಿರಲಿಲ್ಲ. "ಆ ಮೂರು ಪೇಪರಿಗೆ ಏನು ಮಾಡುತ್ತೀ?"

ನನ್ನ ಪುಸ್ತಕಗಳನ್ನು ಮೇಜಿನ ಕೆಳಗೆ ನೋಡಿದ ದಿನದಿಂದ ಅವನು ನನ್ನ ಬೆನ್ನು ಬಿಡಲಿಲ್ಲ. ಒಂದು ಸಂಜೆ ಅವನು ಕಾಲು ಮಡಚಿ, ಕೈ ಊರಿ ಕೂರುವ ಆಟದ ನಿಲುವನ್ನು ತೋರಿಸಿದಾಗ ನನಗೆ ಅಪ್ಪನ ನೆನಪಾಯಿತು: ಮೂಟೆಯ ಕೆಳಗೆ ಹೋಗುವಾಗ ಬೆನ್ನು ನೆಟ್ಟಗೆ, ಸೊಂಟ ಕೆಳಗೆ, ಭಾರವೆಲ್ಲ ತೊಡೆಗೆ. ಅದನ್ನು ಹೇಳಿದೆ. ನಿನ್ನ ಅಪ್ಪ ಎಷ್ಟು ವರ್ಷ ಆಡಿದರು ಎಂದು ಕೇಳಿದ. ಮೂವತ್ತಾರು ಎಂದೆ.

ತೊಂಬತ್ತರ ಏಪ್ರಿಲಿನಲ್ಲಿ ನಾನು ಕೊನೆಯ ವರ್ಷದ ಪರೀಕ್ಷೆ ಬರೆಯಬೇಕಿತ್ತು. ಕಪ್ ಆಟ ಇದೆ ಎಂದು ಫತ್ಹಿ ರಜೆ ರದ್ದು ಮಾಡಿದರು. ಅಂಚೆಯಲ್ಲಿ ಓದುವವರು ಮೂರು ವರ್ಷದ ಕೋರ್ಸನ್ನು ಆರು ವರ್ಷದೊಳಗೆ ಮುಗಿಸಬೇಕಿತ್ತು, ನನ್ನದು ಆರನೆಯ ವರ್ಷ. ಉಳಿದದ್ದು ಅಕ್ಟೋಬರಿನ ಪರೀಕ್ಷೆ ಒಂದೇ. ಅದು ತಪ್ಪಿದರೆ ಮೊದಲಿನಿಂದ. ಹಾಲ್ ಟಿಕೆಟ್ ಜುಲೈಯಲ್ಲೇ ಬಂತು. ಅದನ್ನು ಶರ್ಕ್‌ಗೆ ಹೋಗಿ ಭಾವನಿಗೆ ತೋರಿಸಿ ಬಂದೆ. ಫೋಟೋ ಒಳ್ಳೆಯದು ಬಂದಿದೆ ಎಂದರು.

ಆಗಸ್ಟಿನಲ್ಲಿ ಇರಾಕಿನ ಸೈನ್ಯ ಒಳಗೆ ಬಂತು. ಅದರ ಕಥೆ ಬೇಕಾದಷ್ಟು ಜನ ಬರೆದಿದ್ದಾರೆ, ನನಗೆ ಗೊತ್ತಿರುವುದು ಮಿರ್ಕಾಬಿನಲ್ಲಿ ನಾನಿದ್ದ ಒಂದು ಮನೆಯಷ್ಟೇ. ಹಳೆಯ ಕಟ್ಟಡದ ಮೂರನೆಯ ಮಹಡಿ, ಎರಡು ಕೋಣೆ. ಜೊತೆಗಿದ್ದವರು ಬೇಸಿಗೆ ರಜೆಗೆ ಊರಿಗೆ ಹೋಗಿದ್ದರು, ನಾನೊಬ್ಬನೇ ಇದ್ದೆ. ಮೂರು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ನಮ್ಮ ಕ್ಲಬ್ಬಿನ ಗೋಲ್‌ಕೀಪರ್, ಕುವೈತಿ ಹುಡುಗ, ಖುಬ್ಬೂಸ್ ರೊಟ್ಟಿ ಹಂಚುವ ವ್ಯಾನಿನಲ್ಲಿ ಬಂದ. ಅಮೆರಿಕದವರನ್ನು ಹುಡುಕಿ ಹಿಡಿದು ಇರಾಕಿಗೆ ಸಾಗಿಸುತ್ತಿದ್ದರು. ಅಡಗಿಸಿಟ್ಟವರಿಗೆ ಮರಣದಂಡನೆ ಎಂದು ಹೇಳಿದ್ದರು. ಹುಡುಗ ಕೇಳಿದ್ದು ಎರಡು ದಿನಕ್ಕೆ. ವ್ಯಾನಿನ ಹಿಂಬಾಗಿಲು ತೆಗೆದ. ರೊಟ್ಟಿಯ ಟ್ರೇಗಳ ನಡುವೆ ಲಾಯ್ಡ್ ಮೊಣಕಾಲು ಮಡಚಿ ಕೂತಿದ್ದ.

ಎರಡು ದಿನ ಮೂರೂವರೆ ತಿಂಗಳಾಯಿತು. ಹುಡುಗ ಒಂದು ಮಾತು ತೆಗೆದುಕೊಂಡಿದ್ದ: ತನ್ನ ಮನೆಯವರು ಕುವೈತಿನಲ್ಲೇ ಇದ್ದಾರೆ, ಯಾರಿಗೂ ಹೇಳಬಾರದು, ಊರಿಗೆ ಹೋದರೂ ಹೇಳಬಾರದು. ಹೇಳುವುದಿಲ್ಲ ಎಂದು ತಲೆ ಮುಟ್ಟಿ ಆಣೆ ಹಾಕಿದ್ದೆ.

ಸೆಪ್ಟೆಂಬರಿನ ಆರಂಭದಲ್ಲಿ ಗೋಪಾಲ ಭಾವ ಬಂದರು. ಬಸ್ರಾ, ಬಾಗ್ದಾದ್ ಮೇಲೆ ಅಮ್ಮಾನ್‌ಗೆ ಹೋಗುವ ಬಸ್ಸಿನಲ್ಲಿ ನಮ್ಮ ಕಡೆಯವರ ಪಟ್ಟಿ ಮಾಡಿಸಿದ್ದರು, ಅಲ್ಲಿಂದ ಬೊಂಬಾಯಿಗೆ ವಿಮಾನ. ನನ್ನ ಹೆಸರನ್ನೂ ಬರೆಸಿದ್ದರು. ಬಿಸಿಲಲ್ಲಿ ಶರ್ಕ್‌ನಿಂದ ನಡೆದು, ಮೂರು ಮಹಡಿ ಹತ್ತಿ ಬಂದಿದ್ದರು. ನಾನು ಬಾಗಿಲನ್ನು ಹಿಂದಿನಿಂದ ಎಳೆದುಕೊಂಡು ಮೆಟ್ಟಿಲಲ್ಲೇ ನಿಂತೆ. ಒಳಗೆ ಬನ್ನಿ ಎನ್ನಲಿಲ್ಲ. ಒಂದು ಲೋಟ ನೀರು ಕೊಡಲಿಲ್ಲ. ಅಕ್ಕನ ಗಂಡನಿಗೆ ಹಾಗೆ ಮಾಡುವುದು ನಮ್ಮಲ್ಲಿ ಎಂಥ ಮಾತು ಎಂದು ನಿಮಗೆ ನಾನು ವಿವರಿಸಬೇಕಾಗಿಲ್ಲ. ಹೇಳಿಬಿಡೋಣ ಎನಿಸಿತು. ಭಾವ ಒಳ್ಳೆಯವರು, ಆದರೆ ಅವರ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಇಡೀ ಕರಾವಳಿಯವರಿಗೆ ತಲುಪುತ್ತಿತ್ತು.

"ನಾಳೆ ಏಳು ಗಂಟೆಗೆ ಬಸ್ಸು. ಪುಸ್ತಕ ಮಾತ್ರ ಹಿಡಿದುಕೋ. ಅಕ್ಟೋಬರಿಗೆ ಬೇಕಾದಷ್ಟು ಟೈಮುಂಟು."

"ನಾನು ಬರುವುದಿಲ್ಲ ಭಾವ."

"ಯಾಕೆ?"

ಕ್ಲಬ್ಬಿನ ಸಾಮಾನು ನೋಡಿಕೊಳ್ಳಬೇಕು ಎಂದೇನೋ ತೊದಲಿದೆ. ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಸಾಮಾನಂತೆ. ಪರೀಕ್ಷೆಗೆ ಹೆದರಿದ್ದೀ ನೀನು. ಯುದ್ಧದ ನೆವ ಸಿಕ್ಕಿತು ನಿನಗೆ. ನನಗೆ ಆ ನೆವವೂ ಸಿಕ್ಕಿರಲಿಲ್ಲ." ಎರಡು ಮೆಟ್ಟಿಲು ಇಳಿದು ತಿರುಗಿದರು. "ಮಾವನಿಗೆ ಏನು ಹೇಳ್ಬೇಕು?"

"ಪರೀಕ್ಷೆಗೆ ಹೆದರಿದ ಅಂತಲೇ ಹೇಳಿ," ಎಂದೆ.

ಒಳಗೆ ಬಂದಾಗ ಲಾಯ್ಡ್ ಗೋಡೆಗೆ ಒರಗಿ ಕೂತಿದ್ದ. ನಮ್ಮ ಮಾತಿನಲ್ಲಿ ಬಸ್ಸು ಎಂಬುದೊಂದೇ ಅವನಿಗೆ ಅರ್ಥವಾಗಿತ್ತು. ಬಸ್ಸು ಯಾವಾಗ ಎಂದು ಕೇಳಿದ. ಬಸ್ಸು ಭರ್ತಿ ಎಂದೆ. ಅವನು ನಂಬಲಿಲ್ಲ, ವಾದಿಸಲೂ ಇಲ್ಲ. ಮರುದಿನ ಬೆಳಿಗ್ಗೆ ಏಳು ಗಂಟೆಗೆ ನನ್ನ ಚರಿತ್ರೆಯ ಪುಸ್ತಕ ತಂದು ಮುಂದಿಟ್ಟ. ಆಟ ಇರಲಿ ಇಲ್ಲದಿರಲಿ, ಫಿಲ್ಮ್ ನೋಡುವ ಹೊತ್ತಿಗೆ ಫಿಲ್ಮ್ ನೋಡಬೇಕು ಎಂದ.

ಹಾಗೆ ದಿನಕ್ಕೆ ಎರಡು ಗಂಟೆ ನಾನು ವಿಜಯನಗರದ ಆಡಳಿತ ಪದ್ಧತಿಯನ್ನು ಕನ್ನಡದಲ್ಲಿ ಗಟ್ಟಿಯಾಗಿ ಒಪ್ಪಿಸುತ್ತಿದ್ದೆ. ಅವನು ಒಂದಕ್ಷರ ತಿಳಿಯದೆ ಪುಸ್ತಕ ಹಿಡಿದುಕೊಂಡು ಕೇಳುತ್ತಿದ್ದ. ನಾನು ತಡವರಿಸಿದರೆ ಸಾಕು, ಮತ್ತೊಮ್ಮೆ ಎಂದು ಬೆರಳು ತಿರುಗಿಸುತ್ತಿದ್ದ. ಅರ್ಥ ತಿಳಿಯದವನಿಗೂ ತಡವರಿಕೆ ತಿಳಿಯುತ್ತದೆ. ಊಟ ಒಬ್ಬನ ಪಾಲಿನದು ಇಬ್ಬರಿಗೆ. ಬೆಳಗಿನಿಂದ ಸರತಿ ನಿಂತು ಅಕ್ಕಿ, ಬೇಳೆ ತರುತ್ತಿದ್ದೆ. ಎರಡು ತಿಂಗಳಿಗೆ ಲಾಯ್ಡ್‌ನ ಕೆನ್ನೆ ಇಳಿಯಿತು, ಪ್ಯಾಂಟಿಗೆ ಹಗ್ಗ ಕಟ್ಟಿಕೊಂಡ. ಹದಿನೈದನೆಯ ವಯಸ್ಸಿನಿಂದ ಇದೇ ಮೊದಲು ಯಾರೂ ತನ್ನ ತೂಕ ನೋಡದೆ ಇರುವುದು ಎಂದು ನಕ್ಕ.

ಅಕ್ಟೋಬರಿನ ಪರೀಕ್ಷೆಯ ಮೊದಲ ದಿನ ಬಂತು. ನಾನು ಎದ್ದು ಮುಖ ತೊಳೆಯಲೂ ಮನಸ್ಸಿಲ್ಲದೆ ಬಿದ್ದುಕೊಂಡಿದ್ದೆ. ಲಾಯ್ಡ್ ಮೇಜನ್ನು ಕೋಣೆಯ ನಡುವಿಗೆ ಎಳೆದ. ಹಾಲ್ ಟಿಕೆಟ್ ಬಲಗಡೆ ಇಟ್ಟ. ಕ್ಲಬ್ಬಿನ ರಿಜಿಸ್ಟರಿನ ಖಾಲಿ ಹಾಳೆಗಳನ್ನು ಇಟ್ಟ. ಪ್ರಶ್ನೆ ಯಾರು ಕೊಡುತ್ತಾರೆ ಎಂದೆ. ನೀನೇ ಹಾಕಿಕೋ, ನಿನಗೆ ಕಷ್ಟವಾದದ್ದನ್ನೇ ಹಾಕಿಕೋ ಎಂದ. ನಾನು ಐದು ಪ್ರಶ್ನೆ ಬರೆದುಕೊಂಡೆ. ಅವನು ಗಡಿಯಾರ ನೋಡಿ ಕೈ ಬೀಸಿದ. ಮೂರು ಗಂಟೆ ಬರೆದೆ. ಆ ಮೂರು ಗಂಟೆಯೂ ಅವನು ಬಾಗಿಲ ಹತ್ತಿರ ನಿಂತೇ ಇದ್ದ, ಆ ಮೊಣಕಾಲುಗಳ ಮೇಲೆ. ಕೊನೆಗೆ ಹಾಳೆ ತೆಗೆದುಕೊಂಡು ಎಣಿಸಿ, ದಾರ ಕಟ್ಟಿ ಟ್ರಂಕಿನಲ್ಲಿಟ್ಟ. ನಾನು ಗಂಜಿಗೆ ಇಟ್ಟೆ.

ನವೆಂಬರಿನಲ್ಲಿ ನನ್ನ ಎರಡನೆಯ ದೊಡ್ಡ ತಪ್ಪು. ಬಚ್ಚಲಿನ ಪಕ್ಕ ನೀರಿನ ಪೈಪು ಹೋಗುವ ಒಂದು ಗೂಡಿತ್ತು, ಸೊಂಟದೆತ್ತರ, ಮುಂದೆ ಹಲಗೆಯ ಬಾಗಿಲು. ಯಾರಾದರೂ ಬಂದರೆ ಲಾಯ್ಡ್ ಅದರಲ್ಲಿ ಹೋಗಬೇಕು. ಪೈಪುಗಳಿಂದಾಗಿ ಕುಂಡೆ ಊರಲು ಆಗುವುದಿಲ್ಲ, ಮೇಲೆ ಏಳಲೂ ಆಗುವುದಿಲ್ಲ. ಕಾಲು ಮಡಚಿ ಒಂದು ಕೈ ಊರಿ ನಿಲ್ಲುವುದೊಂದೇ ದಾರಿ. ಅದೆಲ್ಲ ಸರಿಯಾಗಿ ಮಾಡಿಟ್ಟಿದ್ದೆವು. ಆದರೆ ಮನೆಯೊಳಗೆ ಶೂ ಇಡುವುದು ನಮ್ಮಲ್ಲಿಲ್ಲ. ಮೂರು ತಿಂಗಳು ಮಂಚದ ಕೆಳಗಿದ್ದ ಅವನ ದೊಡ್ಡ ಶೂಗಳನ್ನು ನೋಡಿದಾಗಲೆಲ್ಲ ನನಗೆ ಕಸಿವಿಸಿ. ಅವತ್ತು ನೆಲ ಒರೆಸಿ, ಕೈ ತನ್ನಷ್ಟಕ್ಕೆ ಮಾಡುವ ಹಾಗೆ, ಅವನ್ನು ತೆಗೆದು ಬಾಗಿಲ ಹೊರಗೆ ನನ್ನ ಚಪ್ಪಲಿಯ ಪಕ್ಕ ಇಟ್ಟೆ.

ಹತ್ತು ಗಂಟೆಗೆ ಕೆಳಗಿನ ಮಹಡಿಯಲ್ಲಿ ಬೂಟಿನ ಸದ್ದಾಯಿತು. ಲಾಯ್ಡ್ ಗೂಡಿಗೆ ಹೋದ, ನಾನು ಹಲಗೆ ಮುಚ್ಚಿ ಬಕೆಟ್ ಇಟ್ಟೆ. ಬಾಗಿಲು ತೆಗೆದರೆ ಮೂರು ಜನ ಸೈನಿಕರು. ಒಬ್ಬನ ಕೈಯಲ್ಲಿ ಶೂ ಇತ್ತು.

ಇದು ಯಾರದ್ದು ಎಂದು ಕೇಳಿದ. ನಾನು ಕ್ಲಬ್ಬಿನ ಕಾರ್ಡು ತೋರಿಸಿದೆ, ಟೇಪಿನ ಸುರುಳಿ ತೋರಿಸಿದೆ, ಹರಕು ಅರಬಿಯಲ್ಲಿ ಹೇಳಿದೆ: ನಮ್ಮ ಬಾಸ್ಕೆಟ್‌ಬಾಲ್ ಆಟಗಾರನದು, ರಿಪೇರಿಗೆ ಕೊಟ್ಟಿದ್ದ, ಮನುಷ್ಯ ಓಡಿಹೋಗಿದ್ದಾನೆ, ಶೂ ಉಳಿದಿದೆ. ಅವನು ಯೋಚಿಸುತ್ತಾ ನಿಂತ. ಮನೆಯೆಲ್ಲ ನೋಡಿದರು. ಟ್ರಂಕ್ ಸುರಿದು ನನ್ನ ಉತ್ತರಪತ್ರಿಕೆಗಳನ್ನು ತಿರುವಿದರು, ಇದೇನು ಬರಹ ಎಂದು ಕೇಳಿದರು. ಒಬ್ಬ ಬಚ್ಚಲಿಗೆ ಹೋಗಿ ಮುಖ ತೊಳೆದ, ಬಕೆಟಿನ ನೀರಿನಲ್ಲಿ. ಅವನ ಬೆನ್ನಿಗೂ ಹಲಗೆಗೂ ಒಂದು ಗೇಣು. ಶೂ ಹಿಡಿದವನು ಕೊನೆಗೆ ತನ್ನ ಬೂಟು ಸಮೇತ ಕಾಲನ್ನು ಅದರೊಳಗೆ ಇಳಿಸಿ ಎರಡು ಹೆಜ್ಜೆ ನಡೆದ. ಮೂವರೂ ನಕ್ಕರು. ಅವರೂ ನಮ್ಮ ಹುಡುಗರ ವಯಸ್ಸಿನವರೇ, ಸರಿಯಾಗಿ ನಿದ್ರೆ ಊಟ ಇಲ್ಲದವರು. ಉಳಿದವರಿಗೆ ತೋರಿಸುತ್ತೇನೆ ಎಂದು ಆ ಒಂದು ಶೂ ತೆಗೆದುಕೊಂಡು, ಜೊತೆಗೆ ನನ್ನ ಫ್ಯಾನನ್ನೂ ಎತ್ತಿಕೊಂಡು, ಯಲ್ಲಾ, ನಡೆಯಿರಿ, ಎಂದು ಇಳಿದು ಹೋದರು.

ಇಪ್ಪತ್ತೈದು ನಿಮಿಷವಾಗಿತ್ತು. ಹಲಗೆ ತೆಗೆದರೆ ಲಾಯ್ಡ್ ಅದೇ ನಿಲುವಿನಲ್ಲಿದ್ದ. ಮುಖ ಬೂದಿಯ ಬಣ್ಣ, ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು, ಬಲಮೊಣಕಾಲು ಎಳನೀರಿನಷ್ಟು ಊದಿತ್ತು. ಹೊರಗೆ ಎಳೆಯಲು ಬರಲಿಲ್ಲ. ಇದ್ದ ಜಾಗದಲ್ಲೇ ತೊಡೆ ತಿಕ್ಕಿ, ಒಂದೊಂದೇ ಕಾಲನ್ನು ನಿಧಾನಕ್ಕೆ ಬಿಡಿಸಿದೆ. ಅರ್ಧ ಗಂಟೆ ಹಿಡಿಯಿತು. ನನ್ನ ವೃತ್ತಿಯಲ್ಲಿ ನಾನು ಮಾಡಿದ ಅತ್ಯಂತ ಕಷ್ಟದ ಕೆಲಸ ಅದು. ಯಾವ ಕಪ್ ಆಟಕ್ಕೂ ಅದು ಸೇರಿದ್ದಲ್ಲ.

"ಒಂಬತ್ತು ವರ್ಷದಲ್ಲಿ ಮೊದಲೇ ಅಲುಗಿದ್ದಕ್ಕೆ ನನಗೆ ಹನ್ನೊಂದು ಸಲ ದಂಡ ಬಿದ್ದಿದೆ," ಎಂದ, ಉಸಿರು ಬಂದ ಮೇಲೆ. "ಇವತ್ತು ಬಿದ್ದಿಲ್ಲ."

ಶೂ ಹೊರಗಿಟ್ಟವ ನಾನೇ ಎಂದು ಹೇಳಿದೆ. ಗೊತ್ತು, ಒಳಗಿಂದ ಕೇಳಿಸಿತು ಎಂದ. ಆ ವಿಷಯ ಮತ್ತೆ ಎತ್ತಲಿಲ್ಲ. ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಇದೊಂದು ಮಾತು: ತಪ್ಪು ಮಾಡಿದವನನ್ನು ಹತ್ತು ಸಲ ಹಿಂದೆ ಮುಂದೆ ಓಡಿಸಬೇಡಿ.

ಡಿಸೆಂಬರಿನಲ್ಲಿ ಅಮೆರಿಕದವರು ಹೋಗಬಹುದು ಎಂದು ರೇಡಿಯೋದಲ್ಲಿ ಬಂತು. ಲಾಯ್ಡ್ ಹೊರಟದ್ದು ನನ್ನ ರಬ್ಬರ್ ಚಪ್ಪಲಿಯಲ್ಲಿ, ಹಿಮ್ಮಡಿ ಅರ್ಧ ಹೊರಗೆ. ತನ್ನ ವಿಳಾಸವನ್ನು ಬಿಳಿ ಟೇಪಿನ ಮೇಲೆ ಬರೆದು ನನ್ನ ಚರಿತ್ರೆಯ ಪುಸ್ತಕದೊಳಗೆ ಅಂಟಿಸಿದ. ವಾರದ ನಂತರ ನಾನೂ ಬಸ್ಸು ಹತ್ತಿದೆ. ಬಾಗ್ದಾದ್, ಅಮ್ಮಾನ್, ಬೊಂಬಾಯಿ, ಆಮೇಲೆ ಮಂಗಳೂರು. ಒಂದು ಚೀಲ, ಪುಸ್ತಕ, ದಾರ ಕಟ್ಟಿದ ಉತ್ತರಪತ್ರಿಕೆ.

ಊರಿನಲ್ಲಿ ಭಾವ ಹೇಳಬೇಕಾದ್ದನ್ನು ಹೇಳಿ ಮುಗಿಸಿದ್ದರು. ಬಂದರಿನಲ್ಲಿ ಅಪ್ಪನ ಸಂಗಡಿಗರು ಸಹ ಕೇಳುತ್ತಿದ್ದರಂತೆ, ಪರೀಕ್ಷೆಗೆ ಹೆದರಿ ಯುದ್ಧದಲ್ಲಿ ಉಳಿದವ ನಿಮ್ಮ ಮಗನಾ ಎಂದು. ಅಪ್ಪ ನನ್ನನ್ನು ಏನೂ ಕೇಳಲಿಲ್ಲ. ಅದು ಬೈಗುಳಕ್ಕಿಂತ ಭಾರ. ವಿಶ್ವವಿದ್ಯಾಲಯದ ಗುಮಾಸ್ತರು ಮಾತ್ರ ನೇರ ಕೇಳಿದರು: ಗಲ್ಫಿನಿಂದ ಬಂದವರಿಗೆ ಕನಿಕರ ತೋರಿಸಬಹುದು, ಆದರೆ ಸೆಪ್ಟೆಂಬರಿನಲ್ಲಿ ಅಷ್ಟು ಜನ ಬಂದರಲ್ಲ, ನೀವು ಯಾಕೆ ಬರಲಿಲ್ಲ? ಬರಹದಲ್ಲಿ ಕಾರಣ ಕೊಡಿ. ಗೋಲ್‌ಕೀಪರಿನ ಮನೆಯವರು ಇನ್ನೂ ಅಲ್ಲೇ ಇದ್ದರು. ಕಾರಣ ಇಲ್ಲ ಎಂದು ಹೇಳಿ ಬಂದೆ.

ಫೆಬ್ರವರಿ ಕೊನೆಗೆ ಕುವೈತಿನಿಂದ ಇರಾಕಿನವರು ಹೋದರು. ಅವತ್ತೇ, ನಡೆದದ್ದನ್ನು ಬರೆದುಕೊಡು ಎಂದು ಲಾಯ್ಡ್‌ಗೆ ಕಾಗದ ಹಾಕಿದೆ. ಒಂದು ತಿಂಗಳಿಗೆ ಉತ್ತರ ಬಂತು, ಟೈಪ್ ಮಾಡಿದ ಎರಡು ಹಾಳೆ, ಕುಲಸಚಿವರಿಗೆ ಎಂದು. ಭಾವ ಆಗ ಕೆಲಸವಿಲ್ಲದೆ ಊರಲ್ಲೇ ಇದ್ದರು. ಇಂಗ್ಲಿಷ್ ಕಾಗದ ಬಂದಿದೆ ಎಂದರೆ ಓದಿ ಹೇಳುವುದು ಅವರ ಹಕ್ಕು. ಚಾವಡಿಯಲ್ಲಿ ಅಪ್ಪನ ಎದುರು ಕೂತು, ಕನ್ನಡಕ ಏರಿಸಿ, ಒಂದು ವಾಕ್ಯ ಇಂಗ್ಲಿಷ್, ಅದರ ತುಳು, ಮತ್ತೆ ಇಂಗ್ಲಿಷ್, ಹೀಗೆ ಜೋರಾಗಿ ಶುರು ಮಾಡಿದರು. ನಾನು ಒಂಬತ್ತು ವರ್ಷ ಒಬ್ಬನನ್ನು ಕಾಯುವ ಕೆಲಸ ಮಾಡಿದವನು, ಹಾಗಾಗಿ ಕಾಯುವುದು ಏನೆಂದು ನನಗೆ ಗೊತ್ತು, ಎಂದಿತ್ತು ಕಾಗದದಲ್ಲಿ. ಈ ಮನುಷ್ಯನಿಗೆ ಸೆಪ್ಟೆಂಬರಿನಲ್ಲಿ ಬಸ್ಸಿನಲ್ಲಿ ಜಾಗವಿತ್ತು, ನಾನು ಅವನ ಮನೆಯೊಳಗೆ ಇದ್ದೆ, ಎಂದಿತ್ತು. ಅಲ್ಲಿಗೆ ಬಂದಾಗ ಭಾವನ ದನಿ ಸಣ್ಣದಾಯಿತು. ಆಮೇಲೆ ತುಳು ನಿಂತಿತು. ಉಳಿದ ಒಂದೂವರೆ ಹಾಳೆಯನ್ನು ಮನಸ್ಸಿನಲ್ಲೇ ಓದಿದರು.

ಏನಂತೆ ಎಂದು ಅಪ್ಪ ಕೇಳಿದರು.

"ನಾನು ಇವನ ಮನೆಗೆ ಹೋದ ದಿನ ಇವ ನನ್ನನ್ನು ಒಳಗೆ ಕರೆಯಲಿಲ್ಲ ಮಾವ," ಎಂದರು ಭಾವ, ಕನ್ನಡಕ ತೆಗೆದು ಒರೆಸುತ್ತಾ. "ಯಾಕೆ ಅಂತ ಬರೆದಿದ್ದಾನೆ."

ಮರುದಿನ ವಿಶ್ವವಿದ್ಯಾಲಯಕ್ಕೆ ನನ್ನ ಜೊತೆ ಬಸ್ಸು ಹತ್ತಿದರು. ಟಿಕೆಟ್ ತಾವೇ ತೆಗೆದರು. ಗುಮಾಸ್ತರ ಎದುರು ಕಾಗದವನ್ನು ಮತ್ತೆ ಪೂರ್ತಿ ಓದಿ ಹೇಳಿದವರೂ ಅವರೇ, ಈ ಸಲ ಎಲ್ಲೂ ನಿಲ್ಲಲಿಲ್ಲ. ಒಂದು ಕೊನೆಯ ಅವಕಾಶ ಎಂದು ಅನುಮತಿ ಸಿಕ್ಕಿತು. ಬೇಸಿಗೆಯಲ್ಲಿ ಪರೀಕ್ಷೆ ಬರೆದೆ. ಮಿರ್ಕಾಬಿನಲ್ಲಿ ನಾನೇ ಹಾಕಿಕೊಂಡಿದ್ದ ಐದು ಪ್ರಶ್ನೆಗಳಲ್ಲಿ ಒಂದೂ ಬರಲಿಲ್ಲ. ಆದರೂ ಎರಡನೆಯ ದರ್ಜೆಯಲ್ಲಿ ಪಾಸಾದೆ.

ಸರ್ಟಿಫಿಕೇಟ್ ಕೈಗೆ ಬರುವ ಮೊದಲೇ ಕ್ಲಬ್ಬಿನಿಂದ ಕರೆ ಬಂದು ಕುವೈತಿಗೆ ಮರಳಿದೆ. ಆಕಾಶದಲ್ಲಿ ಇನ್ನೂ ಎಣ್ಣೆ ಬಾವಿಗಳ ಹೊಗೆ. ಕ್ಲಬ್ಬಿನಲ್ಲಿ ಬಾಗಿಲು, ಕನ್ನಡಿ, ನಲ್ಲಿ ಏನೂ ಉಳಿದಿರಲಿಲ್ಲ. ಮಾಲೀಷಿನ ಮೇಜಿಗೆ ಎರಡೇ ಕಾಲು. ಇಟ್ಟಿಗೆ ಕೊಟ್ಟು ನಿಲ್ಲಿಸಿದೆ. ಫತ್ಹಿ ಬಂದು ನೋಡಿ, ಐಸ್‌ಗೆ ಹೇಳಿದ್ದೇನೆ ಎಂದರು. ಗೋಲ್‌ಕೀಪರ್ ಹುಡುಗ ಇದ್ದ, ಮನೆಯವರೂ ಇದ್ದರು. ಲಾಯ್ಡ್ ಮರಳಲಿಲ್ಲ. ಮೊಣಕಾಲು ಬದಲಾಯಿಸಬೇಕು ಎಂದಿದ್ದಾರೆ ಎಂದು ಬರೆದಿದ್ದ. ಆ ಮೂರು ಪೇಪರನ್ನು ಈಗಲಾದರೂ ಮುಗಿಸು ಎಂದು ನಾನು ಬರೆದದ್ದಕ್ಕೆ ಉತ್ತರ ಒಂದೇ ಸಾಲು: ನನಗೆ ಇನ್ನು ಸಾಕು, ನಿನ್ನದು ಬಂದಾಗ ಒಂದು ಜೆರಾಕ್ಸ್ ಕಳಿಸು.

ತೊಂಬತ್ತೊಂದರ ಡಿಸೆಂಬರಿನಲ್ಲಿ ಭಾವ ಮತ್ತೆ ಕೆಲಸಕ್ಕೆ ಬಂದರು. ಬರುವ ಮುಂಚೆ ನನ್ನ ಅಧಿಕಾರ ಪತ್ರ ಹಿಡಿದು ವಿಶ್ವವಿದ್ಯಾಲಯಕ್ಕೆ ಹೋಗಿ, ಎರಡು ದಿನ ಕಾದು, ಸರ್ಟಿಫಿಕೇಟ್ ತೆಗೆದುಕೊಂಡಿದ್ದರು. ವಿಮಾನ ನಿಲ್ದಾಣದಿಂದ ನೇರ ಮಿರ್ಕಾಬಿಗೆ ಬಂದರು. ಮೂರು ಮಹಡಿ ಹತ್ತಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಕೂತರು. ಮೊದಲು ನೀರು ಕೊಟ್ಟೆ. ಪೂರ್ತಿ ಕುಡಿದರು. ಆಮೇಲೆ ಚೀಲದಿಂದ ರಟ್ಟಿನ ಉದ್ದ ಕೊಳವೆ ತೆಗೆದು, ಅದರೊಳಗಿನ ಪ್ಲಾಸ್ಟಿಕ್ ಬಿಚ್ಚಿ, ಎರಡು ಕೈಯಲ್ಲಿ ನನಗೆ ಕೊಟ್ಟರು. ನಾನು ಬಿಡಿಸಿ ನೋಡಿದೆ. ಒಂದು ಮೂಲೆ ಸ್ವಲ್ಪ ಸುಕ್ಕಾಗಿತ್ತು. ನಾನು ಅದನ್ನು ಬೆರಳಿನಿಂದ ಸವರುವುದನ್ನು ಭಾವ ನೋಡಿದರು.

"ಅದು ವಿಮಾನದಲ್ಲಿ ಆದದ್ದು," ಎಂದರು. "ಒಮ್ಮೆ ನೋಡೋಣ ಅಂತ ತೊಡೆಯ ಮೇಲೆ ಬಿಡಿಸಿದ್ದೆ. ಪಕ್ಕದ ಸೀಟಿನವ ಬಗ್ಗಿ ನೋಡಿ, ನಿಮ್ಮದಾ ಅಂತ ಕೇಳಿದ. ಅವನಿಗೇನು ಗೊತ್ತು ನಮ್ಮ ಹೆಸರು? ಹೌದು ಅಂದೆ ಮಾರಾಯ."